‘ಇನ್ನೆಷ್ಟರ ವರೆಗೆ?’: ಅಳಲು ಪ್ರಾರ್ಥನೆಯಾಗುವ ಬಗೆ

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 150 ಹಾಡುಗಳ ಒಂದು ಪುಸ್ತಕವಿದೆ. ಕನ್ನಡದಲ್ಲಿ ಅದಕ್ಕೆ ‘ಕೀರ್ತನೆಗಳು’ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ‘ತೆಹಿಲ್ಲೀಮ್’, ಅಂದರೆ ಸ್ತುತಿಗಳು. ಹೆಸರು ನಂಬಿ ಒಳಗೆ ಕಾಲಿಟ್ಟವರಿಗೆ ಮೂರನೆಯ ಕೀರ್ತನೆಯಲ್ಲೇ ಮೊರೆ ಕೇಳಿಸುತ್ತದೆ. ಆರನೆಯದರಲ್ಲಿ ಒಬ್ಬನ ಹಾಸಿಗೆ ಕಣ್ಣೀರಿನಿಂದ ತೊಯ್ದುಹೋಗಿದೆ. ಹತ್ತನೆಯದು ‘ಯಾಕೆ ದೂರ ನಿಂತಿದ್ದೀ?’ ಎಂದೇ ಬಾಯಿ ತೆರೆಯುತ್ತದೆ. ಇಂಥ ಕೀರ್ತನೆಗಳು ಇಷ್ಟೇ ಎಂದು ಎಣಿಸುವಾಗ ವಿದ್ವಾಂಸರ ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ. ಆದರೂ ಪುಸ್ತಕದ ಸುಮಾರು ಮೂರನೇ ಒಂದು ಪಾಲು ಇವೇ, ಅದರೊಳಗಿನ ಅತಿ ದೊಡ್ಡ ಗುಂಪೂ ಇದೇ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ.

ಈಗ ನಿಮ್ಮ ಸಭೆಯಲ್ಲಿ ಒಂದು ತಿಂಗಳು ಹಾಡಿದ ಹಾಡುಗಳನ್ನು ಬರೆದಿಟ್ಟು ನೋಡಿ. ದೇವರನ್ನು ‘ಯಾಕೆ?’ ಎಂದು ಕೇಳಿದ ಹಾಡು ಎಷ್ಟು? ಬಹಳ ಕಡೆ ಒಂದೂ ಸಿಗುವುದಿಲ್ಲ. ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿ ಅಲ್ಲೇ ಕೂತಿರುತ್ತಾಳೆ. ಸುತ್ತಲಿನವರು ಕೈಯೆತ್ತಿ ಹಾಡುತ್ತಿರುತ್ತಾರೆ, ಅವಳ ಬಾಯಿಂದ ಒಂದು ಸಾಲೂ ಹೊರಡುವುದಿಲ್ಲ. ನನ್ನ ನಂಬಿಕೆ ಹೋಯಿತು ಎಂದುಕೊಳ್ಳುತ್ತಾಳೆ. ಹೋಗಿರುವುದಿಲ್ಲ. ಅವಳಿಗಾಗಿಯೇ ಸತ್ಯವೇದದಲ್ಲಿ ಬರೆದಿಟ್ಟ ಮಾತುಗಳನ್ನು ನಾವು ಅವಳ ಕೈಗೆ ಕೊಟ್ಟಿರುವುದಿಲ್ಲ, ಅಷ್ಟೇ. ಆ ಮಾತುಗಳನ್ನು ಬಳಸುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂಬುದರ ಬಗ್ಗೆ ಈ ಬರಹ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ಇಸ್ರಾಯೇಲ್ಯರು ಗುಣುಗುಟ್ಟಿದ್ದಕ್ಕೆ ದೇವರು ಸಿಟ್ಟಾದನಲ್ಲ, ಹಾಗಾದರೆ ದೇವರ ಮುಂದೆ ದೂರು ಹೇಳುವುದು ಪಾಪವಲ್ಲವೇ?’ ಎಂದು ಅನೇಕರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ವ್ಯಾಕರಣದಲ್ಲಿದೆ. ಧರ್ಮೋಪದೇಶಕಾಂಡ 1:27ರಲ್ಲಿ ಜನರು ತಮ್ಮ ತಮ್ಮ ಡೇರೆಗಳಲ್ಲಿ ಕೂತು ‘ಯೆಹೋವನು ನಮ್ಮನ್ನು ದ್ವೇಷಿಸುತ್ತಾನೆ’ ಎಂದು ಮಾತಾಡಿಕೊಂಡರು. ಅಲ್ಲಿ ದೇವರು ‘ಅವನು’. ಬೆನ್ನ ಹಿಂದಿನ ಮಾತು ಅದು. 44ನೆಯ ಕೀರ್ತನೆಯ ಕೊನೆಗೆ ಬನ್ನಿ: ಕರ್ತನೇ ಎದ್ದೇಳು, ಯಾಕೆ ನಿದ್ದೆ ಮಾಡುತ್ತೀ? ದೂರು ಇನ್ನೂ ಕಟುವಾಗಿದೆ. ಆದರೆ ಇಲ್ಲಿ ದೇವರು ‘ನೀನು’. ಎದುರಿಗೆ ನಿಂತು, ಮುಖ ನೋಡಿ ಹೇಳಿದ ಮಾತು. ಗುಣುಗುಟ್ಟುವವನು ದೇವರ ಕಡೆ ಬೆನ್ನು ಹಾಕಿರುತ್ತಾನೆ, ಮೊರೆಯಿಡುವವನು ಅವನ ಬಾಗಿಲಲ್ಲೇ ನಿಂತಿರುತ್ತಾನೆ. ಇಬ್ಬರ ನೋವೂ ಒಂದೇ ಇರಬಹುದು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಪುಸ್ತಕದಲ್ಲಿ ದೇವರನ್ನು ಸಮರ್ಥಿಸಿ ಉದ್ದುದ್ದ ಭಾಷಣ ಮಾಡಿದವರು ಎಲೀಫಜ ಮತ್ತು ಅವನ ಸಂಗಡಿಗರು. ದೇವರನ್ನೇ ಹಿಡಿದು ಪ್ರಶ್ನಿಸಿದವನು ಯೋಬ. 42ನೆಯ ಅಧ್ಯಾಯದಲ್ಲಿ ದೇವರ ತೀರ್ಪು ಬರುತ್ತದೆ: ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ, ನನ್ನ ಸೇವಕ ಯೋಬ ಮಾತಾಡಿದ.

ಕನ್ನಡದಲ್ಲಿ ‘ಅಳಲು ತೋಡಿಕೊಳ್ಳುವುದು’ ಎನ್ನುತ್ತೇವೆ. ತೋಡುವುದೆಂದರೆ ಅಗೆಯುವುದು. ಒಳಗೆ ಹೂತುಹೋದದ್ದನ್ನು ಅಗೆದು ಒಬ್ಬರ ಮುಂದೆ ಇಡುವ ಕೆಲಸ. ಆ ಕೆಲಸಕ್ಕೆ ಒಂದು ಕ್ರಮ ಇದೆ. ಅದನ್ನು ಕಲಿಯಲು 13ನೆಯ ಕೀರ್ತನೆಗಿಂತ ಒಳ್ಳೆಯ ಪಾಠ ಇಲ್ಲ. ಆರೇ ವಚನ, ಗಟ್ಟಿಯಾಗಿ ಓದಿದರೆ ಒಂದು ನಿಮಿಷವೂ ಬೇಡ.

ಮೊದಲೆರಡು ವಚನಗಳಲ್ಲಿ ‘ಇನ್ನೆಷ್ಟರ ವರೆಗೆ’ ಎಂಬುದು ನಾಲ್ಕು ಸಲ ಬರುತ್ತದೆ. ಮೊದಲೆರಡು ಸಲ ದೇವರ ಕಡೆಗೆ: ಎಷ್ಟರ ವರೆಗೆ ಮರೆತಿರುತ್ತೀ, ಎಷ್ಟರ ವರೆಗೆ ಮುಖ ಮರೆಮಾಡುತ್ತೀ. ಮೂರನೆಯದು ತನ್ನ ಕಡೆಗೆ: ಎಷ್ಟರ ವರೆಗೆ ನನ್ನೊಳಗೇ ಚಿಂತಿಸುತ್ತಾ ಇರಲಿ. ನಾಲ್ಕನೆಯದು ಹೊರಗಿನ ಕಡೆಗೆ: ಎಷ್ಟರ ವರೆಗೆ ವೈರಿಯ ಕೈ ಮೇಲಾಗಿರಬೇಕು. ನೋವು ಇರುವ ಮೂರು ಜಾಗಗಳೂ ಬಂದುಹೋದವು. ದೇವರೊಂದಿಗಿನ ನಂಟು, ನನ್ನ ಒಳಗು, ನನ್ನನ್ನು ನೋಯಿಸುತ್ತಿರುವ ಜನ ಅಥವಾ ಸಂಗತಿ. ಬಹಳ ಪ್ರಾರ್ಥನೆಗಳು ಮೂರನೆಯದರಲ್ಲೇ ನಿಂತುಬಿಡುತ್ತವೆ, ‘ಈ ಸಮಸ್ಯೆ ತೀರಿಸು’ ಎಂದು. ಕೀರ್ತನೆ ಮೊದಲು ಹೇಳಿದ್ದು ದೇವರು ದೂರವಾದಂತಿದೆ ಎಂಬ ನೋವನ್ನು. ದೊಡ್ಡ ಗಾಯ ಅದೇ.

ಮೂರನೆಯ ವಚನದಲ್ಲಿ ಮೂರು ಬೇಡಿಕೆ: ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಚಿಕ್ಕ ಚಿಕ್ಕ ಕ್ರಿಯಾಪದಗಳು, ಸುತ್ತುಬಳಸು ಇಲ್ಲ. ನಾಲ್ಕನೆಯದರಲ್ಲಿ ಕಾರಣ: ಇಲ್ಲವಾದರೆ ವೈರಿ ‘ಗೆದ್ದೆ’ ಎನ್ನುತ್ತಾನೆ. ಕಾರಣ ಕೊಟ್ಟು ವಾದಿಸುವುದನ್ನು ನಾವು ಉದ್ಧಟತನ ಎಂದುಕೊಳ್ಳುತ್ತೇವೆ. ಮೋಶೆಯೂ ಹಾಗೆಯೇ ವಾದಿಸಿದ, ಯೆರೆಮೀಯನೂ ವಾದಿಸಿದ.

ಐದನೆಯ ವಚನದ ಮೊದಲ ಪದ ‘ನಾನಾದರೋ’. ನಾನಾದರೋ ನಿನ್ನ ಪ್ರೀತಿಯಲ್ಲಿ ಭರವಸವಿಟ್ಟಿದ್ದೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಾಲ್ಕಕ್ಕೂ ಐದಕ್ಕೂ ನಡುವೆ ಏನಾಯಿತು? ವೈರಿ ಸತ್ತ ಸುದ್ದಿ ಇಲ್ಲ, ಕಾಯಿಲೆ ವಾಸಿಯಾದ ಸುದ್ದಿ ಇಲ್ಲ. ಆ ನಡುವೆ ದೇವಾಲಯದ ಯಾಜಕನು ಒಂದು ಭರವಸೆಯ ಮಾತು ಹೇಳುತ್ತಿದ್ದಿರಬೇಕು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಮಕ್ಕಳಿಲ್ಲದೆ ಕೊರಗುತ್ತಿದ್ದ ಹನ್ನಳ ಕಥೆ ಆ ಊಹೆಗೆ ಹೊಂದುತ್ತದೆ. 1 ಸಮುವೇಲ 1ರಲ್ಲಿ ಅವಳ ತುಟಿ ಮಾತ್ರ ಅಲ್ಲಾಡುತ್ತದೆ, ಧ್ವನಿ ಕೇಳುವುದಿಲ್ಲ. ಯಾಜಕನಾದ ಏಲಿ ಕುಡಿದಿದ್ದಾಳೆ ಎಂದುಕೊಳ್ಳುತ್ತಾನೆ. ಅವಳು ‘ಇಲ್ಲ, ಯೆಹೋವನ ಮುಂದೆ ನನ್ನ ಮನಸ್ಸನ್ನು ಹೊಯ್ದುಬಿಡುತ್ತಿದ್ದೇನೆ’ ಎನ್ನುತ್ತಾಳೆ. ಏಲಿ ಒಂದು ಸಮಾಧಾನದ ಮಾತು ಹೇಳುತ್ತಾನೆ, ಅವಳು ಹೋಗಿ ಊಟ ಮಾಡುತ್ತಾಳೆ, ಅವಳ ಮುಖದ ದುಃಖ ಹೋಗುತ್ತದೆ. ಆಗಿನ್ನೂ ಗರ್ಭ ನಿಂತಿಲ್ಲ. 13ನೆಯ ಕೀರ್ತನೆಯ ತಿರುವೂ ಇದೇ ಜಾತಿಯದು. ಸಂಗತಿ ಬದಲಾಗುವ ಮುಂಚೆಯೇ ಬರುವ ತಿರುವು.

ಇದನ್ನು ನಿಮ್ಮದೇ ಪ್ರಾರ್ಥನೆಯಾಗಿ ಮಾಡುವುದು ಹೇಗೆ? ಇಪ್ಪತ್ತು ನಿಮಿಷ, ಒಂದು ನೋಟುಪುಸ್ತಕ, ಒಂದು ಪೆನ್ನು ಸಾಕು. ಮೊಬೈಲಿಗಿಂತ ಕಾಗದವೇ ಮೇಲು, ಬರೆಯುವ ನಿಧಾನವೇ ಇಲ್ಲಿ ಸಹಾಯ ಮಾಡುತ್ತದೆ. ಕೀರ್ತನೆಯನ್ನು ಗಟ್ಟಿಯಾಗಿ ಎರಡು ಸಲ ಓದಿ. ಮೇಲೆ ತಾರೀಕು ಹಾಕಿ. ಮೊದಲ ಸಾಲಿನಲ್ಲಿ ದೇವರನ್ನು ಹೆಸರಿಟ್ಟು ಕರೆಯಿರಿ, ತಂದೆಯೇ, ಕರ್ತನೇ, ಯೇಸುವೇ, ಯಾವುದು ನಿಮ್ಮ ಬಾಯಿಗೆ ಬರುತ್ತದೋ ಅದು. ಆಮೇಲೆ ‘ಇನ್ನೆಷ್ಟರ ವರೆಗೆ’ ಎಂದು ನಾಲ್ಕು ಸಾಲು ಬರೆಯಿರಿ, ಎರಡು ದೇವರಿಗೆ, ಒಂದು ನಿಮ್ಮ ಬಗ್ಗೆ, ಒಂದು ಹೊರಗಿನದರ ಬಗ್ಗೆ. ಅರ್ಧ ಹೊತ್ತು ಇದಕ್ಕೇ ಹೋಗಲಿ. ಆಮೇಲೆ ಬೇಡಿಕೆ, ಮೂರಕ್ಕಿಂತ ಹೆಚ್ಚು ಬೇಡ. ಒಂದು ಕಾರಣ. ಕೊನೆಗೆ ‘ನಾನಾದರೋ’ ಎಂದು ಬರೆದು, ನಿಜವಾಗಿ ಹೇಳಲು ಸಾಧ್ಯವಾದದ್ದನ್ನು ಮಾತ್ರ ಬರೆಯಿರಿ. ‘ನಾನಾದರೋ ಇವತ್ತೂ ನಿನ್ನ ಹತ್ತಿರವೇ ಬಂದಿದ್ದೇನೆ’ ಎಂಬಷ್ಟೇ ಆದರೂ ಅದು ಭರವಸೆಯ ಮಾತೇ. ಏನೂ ಬಾರದಿದ್ದರೆ ಆ ಒಂದು ಪದ ಬರೆದು ಜಾಗ ಖಾಲಿ ಬಿಡಿ.

ಹೆಚ್ಚಾಗಿ ಎಡವುವುದು ಮೊದಲ ಭಾಗದಲ್ಲಿ. ‘ಕರ್ತನೇ, ನಮ್ಮ ಕಷ್ಟಗಳನ್ನೆಲ್ಲಾ ನೀನು ಬಲ್ಲೆ, ಪರಿಹರಿಸು’ ಎಂದು ಬರೆದು ಮುಗಿಸುತ್ತೇವೆ. ತಪ್ಪಿಲ್ಲ, ಆದರೆ ಇದರಲ್ಲಿ ಯಾವುದನ್ನೂ ತೋಡಿಲ್ಲ. ಇನ್ನೊಂದು ಬಗೆ ನೋಡಿ: ‘ಕರ್ತನೇ, ಅಮ್ಮನ ನೋವು ನಿಲ್ಲಲಿ ಎಂದು ಕೇಳುತ್ತಾ ಮೂರು ತಿಂಗಳಾಯಿತು. ರಾತ್ರಿ ಎರಡು ಗಂಟೆಗೆ ಅವಳು ನರಳುವುದು ಪಕ್ಕದ ಕೋಣೆಗೆ ಕೇಳಿಸುತ್ತದೆ. ನಿನಗೆ ಕೇಳಿಸುತ್ತಿಲ್ಲವೇ?’ ಗಂಟೆ, ಕೋಣೆ, ತಿಂಗಳು ಎಲ್ಲವೂ ಇದೆ. ಕೀರ್ತನೆಗಾರರು ಹೀಗೆಯೇ ಬರೆದರು. 102ನೆಯ ಕೀರ್ತನೆಯ ತಲೆಬರಹದಲ್ಲೇ ಇದು ಕುಗ್ಗಿಹೋದವನೊಬ್ಬನ ಪ್ರಾರ್ಥನೆ ಎಂದಿದೆ. ಅವನು ‘ಕಷ್ಟದಲ್ಲಿದ್ದೇನೆ’ ಎಂದು ಬಿಡುವುದಿಲ್ಲ. ಊಟ ಮಾಡುವುದನ್ನೇ ಮರೆತೆ, ಎಲುಬು ಚರ್ಮಕ್ಕೆ ಅಂಟಿದೆ, ನಿದ್ದೆ ಬಾರದೆ ಮಾಳಿಗೆಯ ಮೇಲಿನ ಒಂಟಿ ಹಕ್ಕಿಯ ಹಾಗಾಗಿದ್ದೇನೆ ಎನ್ನುತ್ತಾನೆ. ದೇವರಿಗೆ ಗೊತ್ತಿಲ್ಲ ಎಂದು ಈ ವಿವರವಲ್ಲ. ಹೆಸರಿಡದ ನೋವು ಒಳಗೇ ಉಳಿದು ಬೇರೆ ರೂಪ ತಾಳುತ್ತದೆ, ಮನೆಯವರ ಮೇಲಿನ ಸಿಡುಕಾಗಿಯೋ ಯಾವುದರಲ್ಲೂ ರುಚಿ ಇಲ್ಲದ ಜಡತನವಾಗಿಯೋ.

ಎರಡನೆಯ ಎಡವು, ಅಳಲನ್ನು ಪಾಪದ ಅರಿಕೆಯೊಂದಿಗೆ ಕಲಸಿಬಿಡುವುದು. ಎರಡು ಸಾಲು ನೋವು ಹೇಳುವಷ್ಟರಲ್ಲಿ ‘ಎಲ್ಲಾ ನನ್ನದೇ ತಪ್ಪು ಸ್ವಾಮಿ’ ಎಂದು ಜಾರುತ್ತೇವೆ. ತಪ್ಪು ಇದ್ದರೆ ಒಪ್ಪಿಕೊಳ್ಳಬೇಕು, ಅದಕ್ಕೆ 51ನೆಯ ಕೀರ್ತನೆ ಇದೆ. ಆದರೆ ಎಲ್ಲ ನೋವೂ ಶಿಕ್ಷೆಯಲ್ಲ. 44ನೆಯ ಕೀರ್ತನೆ ‘ನಾವು ನಿನ್ನನ್ನು ಮರೆತಿಲ್ಲ, ಆದರೂ ಹೀಗಾಯಿತು’ ಎಂದು ಬಾಯಿ ಬಿಟ್ಟು ಹೇಳುತ್ತದೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಉದ್ಧರಿಸುವುದು ಅದೇ ಕೀರ್ತನೆಯನ್ನು. ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸುವವರು ಯಾರು ಎಂದು ಕೇಳಿದ ಬೆನ್ನಿಗೇ ಅದನ್ನು ಇಡುತ್ತಾನೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ದೀನತೆಯಲ್ಲ, ಸುಳ್ಳು. ಹಿಂಸೆಗೆ ಒಳಗಾದವರ ಬಾಯಲ್ಲಿ ಆ ಸುಳ್ಳು ತುಂಬ ಅಪಾಯಕಾರಿ.

ಮೂರನೆಯದು ‘ನಾನಾದರೋ’ಗೆ ಓಡಿಹೋಗುವುದು. ಇದನ್ನು ನಾವು ಬೇರೆಯವರಿಗೆ ಮಾಡುವುದೇ ಜಾಸ್ತಿ. ಅವರು ಮೊದಲ ವಚನದಲ್ಲಿ ಇರುತ್ತಾರೆ, ನಾವು ಅವರ ಕೈ ಹಿಡಿದು ಆರನೆಯ ವಚನಕ್ಕೆ ಎಳೆಯುತ್ತೇವೆ. ಈ ಆತುರಕ್ಕೆ ಮದ್ದಾಗಿ ಸತ್ಯವೇದದಲ್ಲಿ 88ನೆಯ ಕೀರ್ತನೆ ಇದೆ ಎಂಬುದು ನನ್ನ ನಂಬಿಕೆ. ಅದರಲ್ಲಿ ‘ನಾನಾದರೋ ಭರವಸವಿಟ್ಟಿದ್ದೇನೆ’ ಎಂಬ ಮಾತೇ ಇಲ್ಲ. ಸ್ತುತಿ ಮಾಡುತ್ತೇನೆಂಬ ಹರಕೆ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ‘ಕತ್ತಲೆ’. ಹದಿನೆಂಟು ವಚನ ಅತ್ತವನಿಗೆ ಕೊನೆಗೆ ಒಂದು ದೀಪವೂ ಕಾಣುವುದಿಲ್ಲ. ಆದರೂ ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ, ಕೊನೆಗೆ ಒಂದು ಸಮಾಧಾನದ ಸಾಲು ಸೇರಿಸಲೂ ಇಲ್ಲ. ಹತ್ತಿರದಿಂದ ನೋಡಿದರೆ ಅದರಲ್ಲೂ ನಂಬಿಕೆ ಇದೆ. ಮೊದಲ ವಚನ ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆಯುತ್ತದೆ. ಹಗಲಿರುಳು ಕೂಗುತ್ತೇನೆ ಎಂದು ಅಲ್ಲೇ ಹೇಳುತ್ತಾನೆ, 9ನೆಯ ವಚನದಲ್ಲಿ ಪ್ರತಿದಿನವೂ, 13ನೆಯದರಲ್ಲಿ ಬೆಳಬೆಳಗ್ಗೆಯೇ. ಮೂರು ಸಲ ಉತ್ತರವಿಲ್ಲದೆ ಮತ್ತೂ ಬಾಗಿಲು ತಟ್ಟಿದವನನ್ನು ಅವಿಶ್ವಾಸಿ ಎನ್ನುವುದು ಹೇಗೆ?

ಇಲ್ಲಿ ಯೇಸುವಿನ ಮಾತು ಬರಲೇಬೇಕು. ಶಿಲುಬೆಯ ಮೇಲೆ ಅವನು ಕೂಗಿದ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಎಂಬುದು 22ನೆಯ ಕೀರ್ತನೆಯ ಮೊದಲ ಸಾಲು. ಮತ್ತಾಯನೂ ಮಾರ್ಕನೂ ಅದನ್ನು ಅವನ ಮಾತೃಭಾಷೆಯ ಸದ್ದಿನಲ್ಲೇ ಉಳಿಸಿದ್ದಾರೆ. ಲೂಕನು ಬರೆದಿಟ್ಟ ಕೊನೆಯ ಮಾತು, ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂಬುದು, 31ನೆಯ ಕೀರ್ತನೆಯದು. ಅದೂ ಸಂಕಟದಲ್ಲಿ ಹುಟ್ಟಿದ ಹಾಡೇ. ಅಳಲಿನ ಕೀರ್ತನೆಗಳನ್ನು ದೇವರ ಮಗನೇ ತನ್ನ ಬಾಯಲ್ಲಿ ಆಡಿದ ಮೇಲೆ, ನಂಬಿಕಸ್ಥರು ಹಾಗೆ ಮಾತಾಡಬಾರದು ಎನ್ನಲು ಯಾರಿಗೂ ಹಕ್ಕಿಲ್ಲ.

‘ಪುನರುತ್ಥಾನ ಇದೆಯಲ್ಲ, ಮತ್ತೇಕೆ ಅಳು?’ ಎನ್ನುವವರು ಯೋಹಾನ 11ನ್ನು ನಿಧಾನವಾಗಿ ಓದಬೇಕು. ಲಾಜರ ಸತ್ತು ನಾಲ್ಕು ದಿನ. ಮಾರ್ಥಳು ಬಂದು ‘ಕರ್ತನೇ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳ ಸಹೋದರಿ ಮರಿಯಳೂ ಬಂದು ಅದೇ ಮಾತು ಹೇಳುತ್ತಾಳೆ. ಇಬ್ಬರದೂ ದೂರೇ. ಇಬ್ಬರನ್ನೂ ಯೇಸು ಗದರಿಸುವುದಿಲ್ಲ. ಮಾರ್ಥಳಿಗೆ ‘ನಾನೇ ಪುನರುತ್ಥಾನವೂ ಜೀವವೂ’ ಎಂಬ ಮಾತು ಸಿಕ್ಕಿತು. ಮರಿಯಳಿಗೆ ಬೋಧನೆ ಸಿಗಲಿಲ್ಲ. ‘ಅವನನ್ನು ಎಲ್ಲಿಟ್ಟಿದ್ದೀರಿ?’ ಎಂದು ಕೇಳಿ ಯೇಸು ಕಣ್ಣೀರು ಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದವನು ಅವನೇ. ಮುಂದಿನದು ಗೊತ್ತಿದ್ದೂ ಅತ್ತ. ನಿರೀಕ್ಷೆ ಇದ್ದವರಿಗೂ ಅಳು ಸಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1 ಥೆಸಲೋನಿಕ 4:13 ಹೇಳುವುದೂ ದುಃಖಿಸಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು.

ಅದೇ ಪತ್ರದ 5:18ನ್ನೂ ನಾವು ತಪ್ಪಾಗಿ ಬಳಸುತ್ತೇವೆ. ಅಲ್ಲಿರುವುದು ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು. ‘ಅಲ್ಲಿ’ ಎಂಬ ಪ್ರತ್ಯಯ ಗಮನಿಸಿ. ಮಗುವಿನ ಸಾವಿನ ನಡುವೆಯೂ ದೇವರಿಗೆ ಕೃತಜ್ಞನಾಗಿರುವುದು ಬೇರೆ, ಮಗುವಿನ ಸಾವಿಗಾಗಿ ಕೃತಜ್ಞನಾಗಿರುವುದು ಬೇರೆ. ಎಫೆಸ 5:20ರಲ್ಲಿ ‘ಎಲ್ಲಾ ಕಾರ್ಯಗಳಿಗೋಸ್ಕರ’ ಎಂಬ ಅರ್ಥದ ಮಾತೇ ಇದೆಯಲ್ಲ ಎಂದು ಓದುಬಲ್ಲವರು ಕೇಳುತ್ತಾರೆ. ಇದೆ. ಆದರೆ ಅದನ್ನು ಬರೆದ ಪೌಲ ಹೇಗೆ ಬದುಕಿದ ಎಂಬುದನ್ನೂ ಜೊತೆಗಿಟ್ಟು ಓದಬೇಕು. ತನ್ನ ಜೊತೆ ಕೆಲಸಗಾರ ಎಪಫ್ರೊದೀತ ಕಾಯಿಲೆಯಿಂದ ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಫಿಲಿಪ್ಪಿ 2:27ರಲ್ಲಿ ಬರೆದ. ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು 2 ಕೊರಿಂಥ 1:8ರಲ್ಲಿ ಬರೆದ. ಕೆಟ್ಟದ್ದನ್ನು ಒಳ್ಳೆಯದೆಂದು ಕರೆಯುವುದು ಅವನಿಗೆ ಕೃತಜ್ಞತೆಯಾಗಿರಲಿಲ್ಲ.

ಇನ್ನು ಶಾಪದ ಕೀರ್ತನೆಗಳು. 58, 69, 109, 137. ‘ಅವನ ಮಕ್ಕಳು ತಬ್ಬಲಿಗಳಾಗಲಿ’ ಎನ್ನುತ್ತದೆ 109. ಬಾಬೆಲಿನ ಶಿಶುಗಳ ಬಗ್ಗೆ 137 ಹೇಳುವುದನ್ನು ಗಟ್ಟಿಯಾಗಿ ಓದಲು ನಾಲಿಗೆ ಏಳುವುದಿಲ್ಲ. ಕಥೋಲಿಕ ಸಭೆ 1971ರಲ್ಲಿ ದೈನಂದಿನ ಪ್ರಾರ್ಥನಾಕ್ರಮವನ್ನು ಪರಿಷ್ಕರಿಸಿದಾಗ 58, 83, 109 ಈ ಮೂರನ್ನು ಪೂರ್ತಿ ಬಿಟ್ಟಿತು, ಬೇರೆ ಕೆಲವು ಕೀರ್ತನೆಗಳಿಂದ ಇಂಥ ವಚನಗಳನ್ನೂ ತೆಗೆಯಿತು. ಆ ಕಾಳಜಿ ಅರ್ಥವಾಗುತ್ತದೆ. ಆದರೂ ಬಿಡಬಾರದಿತ್ತು ಎಂದೇ ನನಗನಿಸುತ್ತದೆ. ಊರು ಸುಟ್ಟುಹೋಗಿ, ಕಣ್ಣೆದುರೇ ಮಕ್ಕಳನ್ನು ಕಳೆದುಕೊಂಡು ಬಾಬೆಲಿಗೆ ಸೆರೆಹೋದವರ ಮಾತು 137. ಆ ಸಿಟ್ಟು ಹೇಗೂ ಇದೆ. ಅದನ್ನು ಎಲ್ಲಿಡುವುದು ಎಂಬುದಷ್ಟೇ ಪ್ರಶ್ನೆ. ಈ ಕೀರ್ತನೆಗಳಲ್ಲಿ ಒಬ್ಬನೂ ‘ನಾನೇ ಹೋಗಿ ಸೇಡು ತೀರಿಸುತ್ತೇನೆ’ ಎಂದು ದೇವರ ಮುಂದೆ ಕತ್ತಿ ಹಿರಿಯುವುದಿಲ್ಲ. ಸೇಡನ್ನು ದೇವರ ಕೈಗೆ ಒಪ್ಪಿಸುತ್ತಾರೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ದೇವರು ಹೇಳಿದ್ದಾನೆಂದು ರೋಮ 12:19 ನೆನಪಿಸುವುದೂ ಇದನ್ನೇ.

ಬಳಸುವಾಗ ಎಚ್ಚರ ಬೇಕು. ಮಾತಿಗೆ ಮಾತು ಬೆಳೆಸಿದ ನೆರೆಯವನ ಹೆಸರನ್ನು 109ಕ್ಕೆ ಜೋಡಿಸಬೇಡಿ. ಅದು ಕೀರ್ತನೆಯಲ್ಲ, ಮಾಟ. ನಿಜವಾಗಿ ತುಳಿಯಲ್ಪಟ್ಟವರ ಜೊತೆ ನಿಂತು, ಅವರ ಪರವಾಗಿ ಓದಿ. ನಿಮಗೇ ಅಂಥ ಅನ್ಯಾಯ ಆಗಿದ್ದರೆ, ಸಿಟ್ಟನ್ನು ಪೂರ್ತಿ ಹೇಳಿ, ಕೊನೆಗೆ ‘ತೀರ್ಪು ನಿನ್ನದು’ ಎಂದು ಬಾಯಿಬಿಟ್ಟು ಒಪ್ಪಿಸಿ. ‘ತಂದೆಯೇ, ಅವರಿಗೆ ಕ್ಷಮಿಸು’ ಎಂಬ ಮಾತು ಈ ದಾರಿಯಲ್ಲಿ ಮುಂದೆ ಎಲ್ಲೋ ಸಿಗುತ್ತದೆ. ನೋವನ್ನು ಹೇಳದೆ ಬಾಯಿಪಾಠದಂತೆ ಒಪ್ಪಿಸಿದ ಕ್ಷಮೆ ಬಹಳ ದಿನ ನಿಲ್ಲುವುದಿಲ್ಲ. ಅಪಾಯ ಇನ್ನೂ ನಡೆಯುತ್ತಿದ್ದರೆ, ಹೊಡೆತ ತಿನ್ನುತ್ತಿದ್ದರೆ, ಮೊದಲು ಆ ಮನೆಯಿಂದ ಹೊರಬರಬೇಕು, ದೂರು ಕೊಡಬೇಕು. ಪ್ರಾರ್ಥನೆ ಅದಕ್ಕೆ ಬದಲಿಯಲ್ಲ.

ಕಾಯಿಲೆಯ ವಿಷಯವೂ ಹಾಗೆಯೇ. ಅಳಲು ಒಂದು, ಖಿನ್ನತೆ ಇನ್ನೊಂದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ ಎಂದರೆ ವೈದ್ಯರ ಹತ್ತಿರ ಹೋಗಬೇಕು, ಅದೂ ತಡಮಾಡದೆ. ಅದು ನಂಬಿಕೆಗೆ ಅವಮಾನವೇನಲ್ಲ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡವೊಂದರ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆ’ ಎಂದ. ದೇವರು ಮೊದಲು ಕಳಿಸಿದ್ದು ಉಪದೇಶವನ್ನಲ್ಲ. ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಮಾತು ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ.

ಸಾವಿನ ಮನೆಗೆ ಹೋಗುವವರಿಗೆ ಎರಡು ಮಾತು. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ ಮೊದಲ ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತದ್ದು. ಕೆಟ್ಟದ್ದು ಬಾಯಿ ತೆರೆದ ಮೇಲೆ. ‘ಎಲ್ಲಾ ಒಳ್ಳೇದಕ್ಕೇ’, ‘ದೇವರಿಗೆ ಒಳ್ಳೆಯವರೇ ಬೇಕು’, ‘ಧೈರ್ಯವಾಗಿರಿ, ಅಳಬೇಡಿ’ ಎಂಬ ಮೂರನ್ನೂ ಬಾಗಿಲ ಹೊರಗೇ ಬಿಟ್ಟು ಹೋಗಿ. ಓದುವುದಾದರೆ 13 ಅಥವಾ 130, ಎರಡೂ ಚಿಕ್ಕವು. ಓದಿದ ಮೇಲೆ ವ್ಯಾಖ್ಯಾನ ಬೇಡ. ಪ್ರಾರ್ಥನೆ ಎರಡು ನಿಮಿಷ ಮೀರದಿರಲಿ, ತೀರಿಹೋದವರ ಹೆಸರು ಅದರಲ್ಲಿ ಬರಲಿ. ಮೂರು ವಾರ ಬಿಟ್ಟು ಮತ್ತೆ ಹೋಗಿ, ಜನ ಕರಗಿ ಮನೆ ಖಾಲಿಯಾಗುವುದು ಆಗಲೇ.

ಭಾನುವಾರದ ಆರಾಧನೆಗೆ ಇದನ್ನು ತರಬೇಕೆಂದಿರುವ ಸಭಾಪಾಲಕರು ಪೂರ್ತಿ ಆರಾಧನೆಯನ್ನು ಬದಲಿಸಬೇಕಿಲ್ಲ. ತಿಂಗಳಿಗೊಮ್ಮೆ, ವಿಜ್ಞಾಪನೆಯ ಪ್ರಾರ್ಥನೆಗೆ ಮುಂಚೆ ಒಂದು ಅಳಲಿನ ಕೀರ್ತನೆ ಓದಿಸಿ. ಓದುವವರು ಹಿಂದಿನ ದಿನವೇ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿರಲಿ, ವಚನಗಳ ನಡುವೆ ಉಸಿರು ಬಿಡುವಷ್ಟು ನಿಲ್ಲಲಿ. ಮುಗಿದ ಮೇಲೆ ಒಂದು ಪೂರ್ತಿ ನಿಮಿಷ ಮೌನ, ಗಡಿಯಾರ ನೋಡಿಯೇ. ಇಲ್ಲವಾದರೆ ಹದಿನೈದು ಸೆಕೆಂಡಿಗೇ ಮೌನ ತಡೆಯಲಾಗದೆ ಯಾರಾದರೂ ಮಾತು ಶುರುಮಾಡುತ್ತಾರೆ. ಆ ಮೌನದ ಬೆನ್ನಿಗೇ ತಾಳ ಹಾಕುವ ಹಾಡು ಬೇಡ. ಹೆಸರು ಹೇಳಿ ಪ್ರಾರ್ಥಿಸುವುದಾದರೆ ಆ ಕುಟುಂಬದ ಒಪ್ಪಿಗೆ ಮೊದಲೇ ಪಡೆದಿರಬೇಕು. ಪ್ರಾರ್ಥನೆಯ ನೆವದಲ್ಲಿ ಮನೆಯ ಗುಟ್ಟು ಹೊರಬಿದ್ದರೆ ಆ ಮನೆಯವರು ಮತ್ತೆ ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ.

‘ನನಗೆ ಈಗ ಅಂಥ ನೋವೇನಿಲ್ಲವಲ್ಲ’ ಎನ್ನುವವರಿಗೆ ಹಳೆಯ ಓದಿನ ಕ್ರಮಗಳು ಒಳ್ಳೆಯವು. ಸನ್ಯಾಸಿ ಬೆನೆಡಿಕ್ಟನು ಕ್ರೈಸ್ತ ಮಠಗಳಿಗೆ ಬರೆದ ನಿಯಮದಲ್ಲಿ 150 ಕೀರ್ತನೆಗಳೂ ವಾರಕ್ಕೊಮ್ಮೆ ಮುಗಿಯುತ್ತವೆ. 1549ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಅವನ್ನು ಬೆಳಗ್ಗೆ ಸಂಜೆ ಎಂದು ಮೂವತ್ತು ದಿನಕ್ಕೆ ಹಂಚಿತು. ಆ ಕ್ರಮದಲ್ಲಿ 13ನೆಯದು 2ನೇ ತಾರೀಕು ಸಂಜೆ, 88ನೆಯದು 17ರ ಬೆಳಗ್ಗೆ ಬರುತ್ತದೆ, ಆ ದಿನ ನಿಮ್ಮ ಮನಸ್ಸು ಹೇಗೇ ಇರಲಿ. ನಿಮ್ಮ ಮನಸ್ಸು ಹಗುರವಾಗಿದ್ದರೆ ಆ ದಿನ ಅದನ್ನು ಇನ್ನೊಬ್ಬರ ಪರವಾಗಿ ಓದಿ. ಪೌಲನು ರೋಮ 8ರಲ್ಲಿ ಮೂರು ನರಳಾಟ ಹೇಳುತ್ತಾನೆ: ಸೃಷ್ಟಿ ನರಳುತ್ತಿದೆ, ನಾವು ನರಳುತ್ತೇವೆ, ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ. ನಿಮ್ಮ ಸರದಿ ಅಲ್ಲದ ದಿನವೂ ಆ ದನಿಗೆ ದನಿಗೂಡಿಸಬಹುದು.

ಯೆರೂಸಲೇಮಿನ ಪತನವನ್ನು ಅಳುವ ಪ್ರಲಾಪಗಳ ಪುಸ್ತಕಕ್ಕೆ ಐದು ಅಧ್ಯಾಯ. ಮೊದಲ ನಾಲ್ಕು ಹೀಬ್ರೂವಿನ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ, ಅ ಆ ಇ ಈ ಎಂದು ವರ್ಣಮಾಲೆ ಪೂರ್ತಿ ಅತ್ತ ಹಾಗೆ. ‘ಆತನ ಕರುಣೆ ದಿನದಿನವೂ ಹೊಸದು’ ಎಂಬ ಪ್ರಸಿದ್ಧ ಮಾತು ಕೊನೆಯಲ್ಲಿಲ್ಲ, ಮೂರನೆಯ ಅಧ್ಯಾಯದ ನಡುವಿನಲ್ಲಿದೆ. ಅದಾದ ಮೇಲೂ ಅಳು ಮುಂದುವರಿಯುತ್ತದೆ. ಐದನೆಯ ಅಧ್ಯಾಯದಲ್ಲೂ ವಚನಗಳು 22, ಆದರೆ ಅಕ್ಷರಕ್ರಮ ಕಳಚಿಬಿದ್ದಿದೆ. ಕೊನೆಯ ವಚನ, ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎಂಬ ಭಯ. ಯೆಹೂದ್ಯರು ಇದನ್ನು ಸಭಾಮಂದಿರದಲ್ಲಿ ಓದುವಾಗ ಕೊನೆಯ ವಚನದ ಮೇಲೆ ನಿಲ್ಲಿಸುವುದಿಲ್ಲ. ಅದರ ಹಿಂದಿನ ‘ನಮ್ಮನ್ನು ನಿನ್ನ ಕಡೆಗೆ ತಿರುಗಿಸು, ತಿರುಗುತ್ತೇವೆ’ ಎಂಬ ವಚನವನ್ನು ಇನ್ನೊಮ್ಮೆ ಹೇಳಿ ಮುಗಿಸುತ್ತಾರೆ. ಬರೆದದ್ದನ್ನು ತಿದ್ದುವುದಿಲ್ಲ, ಆದರೆ ಒಂದು ಹೆಜ್ಜೆ ಹಿಂದೆ ಬಂದು ಬೇಡಿಕೆಯ ಮೇಲೆ ನಿಲ್ಲುತ್ತಾರೆ. ನಿಮ್ಮ ನೋಟುಪುಸ್ತಕಕ್ಕೂ ಇದು ಹೊಂದುತ್ತದೆ. ‘ನಾನಾದರೋ’ ಬಾರದ ದಿನ, ನಿಮ್ಮ ಮೂರು ಬೇಡಿಕೆಗಳಲ್ಲಿ ಒಂದನ್ನು ಮತ್ತೊಮ್ಮೆ ಓದಿ ಪುಸ್ತಕ ಮುಚ್ಚಿ.

ಎರಡು ಮೂರು ತಿಂಗಳಿಗೊಮ್ಮೆ ಹಳೆಯ ಪುಟಗಳನ್ನು ತಿರುಗಿಸಿ ನೋಡಿ. ಉತ್ತರ ಬಂದಿದ್ದರೆ ಆ ಬೇಡಿಕೆಯ ಪಕ್ಕದಲ್ಲಿ ತಾರೀಕು ಬರೆಯಿರಿ. ಹಾಡುತ್ತೇನೆಂದು 13ನೆಯ ಕೀರ್ತನೆಯ ಕೊನೆಯ ವಚನ ಹೇಳುವ ಮಾತು ಈಗ ನಿಮ್ಮ ಪಾಲಿನದು. ಬಂದಿರದಿದ್ದರೆ ಹೊಸ ಪುಟದಲ್ಲಿ ಹೊಸ ತಾರೀಕು ಹಾಕಿ, ಅದೇ ‘ಇನ್ನೆಷ್ಟರ ವರೆಗೆ’ಯಿಂದ ಮತ್ತೆ ಶುರುಮಾಡಿ.